ನಾಲ್ಕು ಹಳೆಯ ಟೈರುಗಳು

ಆ ಪುಟಕ್ಕೆ ಸಹಿ ಹಾಕಿದವಳು ನಾನೇ. ಅವಸರದಲ್ಲಿದ್ದಾಗ ಬಲಕ್ಕೆ ಜಾರಿಹೋಗುವ ಆ ಸಹಿಯನ್ನು ನಾನಲ್ಲದೆ ಬೇರೆ ಯಾರೂ ಹಾಕಲಾರರು. ಅದರ ಮೇಲಿನ ಸಾಲಿನಲ್ಲಿ ಡ್ರೈವರಣ್ಣನ ಗುಂಡು ಅಕ್ಷರ: ‘ನಾಲ್ಕೂ ಟೈರು ಬದಲಿ. ಹಳೇವು ಸವೆದಿದ್ದವು.’ ತಾರೀಕು ಆರು ವಾರ ಹಿಂದಿನದು.

ಸೋಮವಾರ ಬೆಳಿಗ್ಗೆ ಒಂಬತ್ತೂವರೆ. ಅಳತೆಯ ಕಾರಿನ ಮುಂದಿನ ಸೀಟಿನಲ್ಲಿ, ಬಾಗಿಲು ತೆರೆದು, ಒಂದು ಕಾಲು ಹೊರಗಿಟ್ಟು ಕೂತಿದ್ದೆ. ವರದಿಯ ಕೊನೆಯ ಪುಟದಲ್ಲಿ ಕಾರು ಎಷ್ಟು ಕಿಲೋಮೀಟರ್ ಓಡಿದೆ ಎಂದು ಬರೆಯಬೇಕಿತ್ತು. ಗಾಡಿ ಪುಸ್ತಕ ತೆರೆದದ್ದು ಅದಕ್ಕಾಗಿ ಮಾತ್ರ. ಆ ಸಾಲನ್ನು ಮೂರು ಸಲ ಓದಿದೆ. ನಾಲ್ಕನೆಯ ಸಲ ಓದುವಾಗ ಅಕ್ಷರಗಳು ಅಕ್ಷರಗಳಾಗಿ ಉಳಿದಿರಲಿಲ್ಲ, ಕಪ್ಪು ಉಂಗುರಗಳಾಗಿ ಉರುಳುತ್ತಿದ್ದವು.

ನನ್ನ ಕೆಲಸ ಸದ್ದು ಅಳೆಯುವುದು. ಎಂಜಿನ್ನಿನದಲ್ಲ, ಹಾರ್ನಿನದಲ್ಲ, ಟೈರು ರಸ್ತೆಯನ್ನು ಉಜ್ಜುವ ಸದ್ದು. ಗಾಡಿ ಸಾಗುವ ಪಟ್ಟಿಯ ನಡುವಿನಿಂದ ಏಳೂವರೆ ಮೀಟರ್ ದೂರದಲ್ಲಿ, ಎದೆಯೆತ್ತರಕ್ಕೆ, ಒಂದು ಮೈಕು ನಿಲ್ಲಿಸುತ್ತೇನೆ. ಡ್ರೈವರಣ್ಣ ಗಂಟೆಗೆ ಐವತ್ತರ ವೇಗದಲ್ಲಿ ಬಂದು, ಬಿಳಿ ಗೆರೆ ದಾಟುತ್ತಲೇ ಎಂಜಿನ್ ನಿಲ್ಲಿಸಿ, ಕಾರನ್ನು ಮೈಕಿನ ಮುಂದೆ ಸುಮ್ಮನೆ ಉರುಳಲು ಬಿಡುತ್ತಾನೆ. ಆಗ ಉಳಿಯುವುದು ರಬ್ಬರು ಮತ್ತು ಕಲ್ಲು, ಎರಡೇ. ಹೀಗೆ ಹತ್ತು ಸಲ. ನಾಯಿ ಬೊಗಳಿದರೆ, ಎದುರಿನಿಂದ ಬೇರೆ ಗಾಡಿ ಬಂದರೆ, ಗಾಳಿ ಜೋರಾದರೆ, ಆ ಸಲದ್ದನ್ನು ಹೊಡೆದುಹಾಕಿ ಇನ್ನೊಂದು. ಆಫೀಸಿನಲ್ಲಿ ನನ್ನನ್ನು ಕಿವಿಯಮ್ಮ ಅನ್ನುತ್ತಾರೆ. ಅಕ್ಕನಿಗೆ ಅಷ್ಟು ಮರ್ಯಾದೆಯೂ ಇಲ್ಲ, ಬರೀ ‘ಕಿವಿ’.

ಅಕ್ಕನ ಮನೆ ಇರುವುದು ನಾನು ಅಳೆದ ರಸ್ತೆಯಲ್ಲೇ, ನೆಲಮಹಡಿಯಲ್ಲಿ. ಆ ಸಾಲಿನ ಮನೆಗಳಿಗೆ ಬಾಗಿಲು ಹಿಂದಿನ ಓಣಿಗೆ, ಕಿಟಕಿ ಮಾತ್ರ ರಸ್ತೆಗೆ. ಅಕ್ಕ ರಫು ಮಾಡುವವಳು. ಕೋಟಿನ ಮೇಲೆ ಸಿಗರೇಟು ಬಿದ್ದು ತೂತಾಗಿದ್ದರೆ, ರೇಷ್ಮೆಗೆ ಮೊಳೆ ಸಿಕ್ಕಿ ಹರಿದಿದ್ದರೆ, ಎಳೆಗೆ ಎಳೆ ಸೇರಿಸಿ, ಹರಿದದ್ದು ಎಲ್ಲಿ ಎಂದು ಹರಿದವರಿಗೇ ಗೊತ್ತಾಗದ ಹಾಗೆ ಮಾಡುತ್ತಾಳೆ. ಅದಕ್ಕೆ ಹಗಲಿನ ಬೆಳಕೇ ಬೇಕು. ಬಲ್ಬಿನ ಬೆಳಕಲ್ಲಿ ಕಪ್ಪು ದಾರ, ಕಡುನೀಲಿ ದಾರ ಎರಡೂ ಅಕ್ಕತಂಗಿಯರು, ಹಗಲಲ್ಲಿ ಮಾತ್ರ ಸವತಿಯರು ಅನ್ನುತ್ತಾಳೆ. ಆ ಬೆಳಕು ಬರುವುದು ಆ ಒಂದೇ ಕಿಟಕಿಯಿಂದ.

ಹಳೆಯ ರಸ್ತೆಯ ಮೇಲೆ ಎಪ್ಪತ್ತೆರಡು ಪಾಯಿಂಟ್ ಮೂರು ಡೆಸಿಬಲ್ ಬಂದಿತ್ತು. ಆಮೇಲೆ ಅಕ್ಕನ ಮನೆಯ ಮುಂದಿನ ಮುನ್ನೂರು ಮೀಟರಿಗೆ ಪ್ರಯೋಗವೆಂದು ಹೊಸ ಬಗೆಯ ಡಾಂಬರು ಹಾಕಿದರು. ಸಣ್ಣ ಜಲ್ಲಿ, ನಡುನಡುವೆ ರಸ್ಕಿನಲ್ಲಿರುವಂಥ ತೂತುಗಳು. ಸದ್ದು ಅವುಗಳೊಳಗೆ ಇಳಿದು ಸುಸ್ತಾಗುತ್ತದೆ. ಅದರ ಮೇಲೆ ಅಳೆದಾಗ ಅರವತ್ತೆಂಟು ಪಾಯಿಂಟ್ ಎರಡು. ಇಳಿದದ್ದು ನಾಲ್ಕು ಪಾಯಿಂಟ್ ಒಂದು. ನಿಯಮ ಕೇಳುವುದು ಮೂರು. ಮೂರು ಇಳಿದರೆ ಇಡೀ ರಸ್ತೆಗೆ ಅದೇ ಡಾಂಬರು. ಇಳಿಯದಿದ್ದರೆ ಮಾಮೂಲಿ ಡಾಂಬರು ಹಾಕಿ, ಸದ್ದು ತಡೆಯಲು ಫುಟ್‌ಪಾತಿನ ಅಂಚಿಗೆ, ಕಿಟಕಿಗಳ ಮುಂದೆ, ಮೂರೂವರೆ ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ. ತೀರ್ಮಾನದ ಸಭೆ ಮಾರನೆಯ ದಿನ, ಮಂಗಳವಾರ, ಹನ್ನೊಂದಕ್ಕೆ. ‘ಗೋಡೆ ಬರಲ್ಲ ಕಣೇ ಅಕ್ಕ’ ಎಂದು ನಾನು ಹೇಳಿ ಒಂದು ತಿಂಗಳಾಗಿತ್ತು. ಅವಳು ಕಿಟಕಿಗೆ ಬಣ್ಣ ಬಳಿಸಿದ್ದಳು.

ಈಗ ಈ ಪುಟ ಹೇಳುತ್ತಿದ್ದುದು ಇಷ್ಟು: ಮೊದಲು ಅಳೆದದ್ದು ಹಳೆಯ ಟೈರುಗಳಿಂದ, ಆಮೇಲೆ ಅಳೆದದ್ದು ಹೊಸವುಗಳಿಂದ. ಆ ನಾಲ್ಕು ಪಾಯಿಂಟ್ ಒಂದರಲ್ಲಿ ರಸ್ತೆಯದೆಷ್ಟು, ಟೈರಿನದೆಷ್ಟು?

ಹೊರಗೆ ಡ್ರೈವರಣ್ಣ ಗಾಜು ಒರೆಸುತ್ತಿದ್ದ.

‘ಅಣ್ಣಾ, ಟೈರು ಬದಲಾಯಿಸಿದ್ದು ನನಗೆ ಹೇಳಲೇ ಇಲ್ವಲ್ಲ?’

‘ಹೇಳೋದೇನು ಮೇಡಂ, ಬರ್ದಿದೀನಲ್ಲ. ನೀವು ಸಹಿನೂ ಹಾಕಿದೀರಿ.’

‘ಯಾಕೆ ಬದಲಾಯಿಸಿದ್ರಿ?’

‘ಯಾಕೆ ಅಂದ್ರೆ? ಪೂರ್ತಿ ಬೋಳಾಗಿದ್ವು. ಎಂಜಿನ್ ಆಫ್ ಮಾಡಿ ಐವತ್ತರಲ್ಲಿ ಬರೋನು ನಾನು. ನೀವು ಮೈಕಿನ ಹತ್ರ ಕಂಬದ ಥರ ನಿಂತಿರ್ತೀರಿ. ಜಾರಿದ್ರೆ ಸೀದಾ ನಿಮ್ಮ ಮೇಲೇ. ಸ್ಟೋರಿನವನ ಹತ್ರ ಎಂಟು ದಿನ ಜಗಳ ಆಡಿ ತಂದೆ. ಎಂಥಾ ಟೈರು ಗೊತ್ತಾ! ಬೆಣ್ಣೆ. ಸದ್ದೇ ಇಲ್ಲ.’

‘ಅದೇ ಅಣ್ಣ,’ ಅಂದೆ. ‘ಸದ್ದೇ ಇಲ್ಲ.’

ಒರೆಸುವ ಬಟ್ಟೆ ಗಾಜಿನ ಮೇಲೆ ನಿಂತಿತು. ಅವನು ನನ್ನ ಜೊತೆ ಏಳು ವರ್ಷ ಈ ಕಾರನ್ನು ಓಡಿಸಿದವನು. ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ‘ಅಯ್ಯೋ ತಾಯಿ,’ ಅಂದ.

ತಪ್ಪು ಅವನದಾಗಿದ್ದರೆ ಚೆನ್ನಾಗಿತ್ತು. ನಾನು ಅದಕ್ಕೂ ಪ್ರಯತ್ನಿಸಿದೆ, ಮನಸ್ಸಿನಲ್ಲೇ, ಎರಡು ನಿಮಿಷ. ಆಗಲಿಲ್ಲ. ರಬ್ಬರು ಗಟ್ಟಿಯಾದಷ್ಟೂ ಸದ್ದು ಹೆಚ್ಚು; ಅದು ಎಷ್ಟು ಗಟ್ಟಿಯಾಗಿದೆ ಎಂದು ನೋಡಲು ನನ್ನ ಬಳಿ ಅಂಗೈಯಲ್ಲಿ ಹಿಡಿಸುವ ಒಂದು ಮಾಪಕವಿದೆ. ಪ್ರತಿ ಅಳತೆಗೂ ಮುಂಚೆ ಟೈರಿಗೆ ಒತ್ತಿ ಅಂಕಿ ಬರೆದುಕೊಳ್ಳಬೇಕು. ಮೊದಲ ಸಲ ಒತ್ತಿದ್ದೆ, ಎಪ್ಪತ್ನಾಲ್ಕು. ಎರಡನೆಯ ಸಲ ಮೋಡ ಕಟ್ಟುತ್ತಿತ್ತು. ಮಳೆ ಬಿದ್ದರೆ ಆ ತೂತಿನ ಡಾಂಬರು ಒಣಗಲು ಮೂರು ದಿನ ಕಾಯಬೇಕು. ಅದೇ ಕಾರು, ಅದೇ ಟೈರು, ಇನ್ನೇನು ಎಂದುಕೊಂಡು ಒತ್ತದೆಯೇ ಎಪ್ಪತ್ನಾಲ್ಕು ಎಂದು ಬರೆದಿದ್ದೆ. ಒತ್ತಿದ್ದರೆ ಆವತ್ತೇ ಗೊತ್ತಾಗುತ್ತಿತ್ತು. ಒತ್ತಲು ಬೇಕಾದದ್ದು ನಾಲ್ಕು ಸೆಕೆಂಡು.

ಹೊಸ ಟೈರುಗಳನ್ನೇ ಹಳೆಯ ರಸ್ತೆಯ ಮೇಲೆ ಓಡಿಸಿ ನೋಡಬಹುದಿತ್ತು, ಆದರೆ ಹಳೆಯ ರಸ್ತೆಯೇ ಇರಲಿಲ್ಲ. ಯಾವ ಡಾಂಬರು ಹಾಕಿದರೂ ಹಳೆಯದನ್ನು ಕೆರೆಯಲೇಬೇಕೆಂದು ಪ್ರಯೋಗದ ಮುನ್ನೂರು ಮೀಟರ್ ಬಿಟ್ಟು ಉಳಿದದ್ದನ್ನೆಲ್ಲ ಕಳೆದ ವಾರ ಕೆರೆದುಹಾಕಿದ್ದರು. ಉಳಿದ ದಾರಿ ಒಂದೇ: ಆ ಹಳೆಯ ಟೈರುಗಳನ್ನು ಹುಡುಕಿ, ಹೊಸ ರಸ್ತೆಯ ಮೇಲೆ ಓಡಿಸಿ, ಇವತ್ತೇ ಅಳೆಯಬೇಕು.

‘ಎಲ್ಲಿವೆ ಅವು?’

ಡ್ರೈವರಣ್ಣ ನೆಲ ನೋಡಿದ. ‘ಬೀಗರಿಗೆ ಕೊಟ್ಬಿಟ್ಟೆ.’

‘ವಾಪಸ್ ಕೇಳಿ.’

‘ಮೇಡಂ, ನಿಮಗೆ ಮದುವೆ ಆಗಿಲ್ಲ, ಮಗಳಿಲ್ಲ. ಬೀಗರಿಗೆ ಕೊಟ್ಟಿದ್ದನ್ನ ವಾಪಸ್ ಕೇಳೋದು ಅಂದ್ರೇನು ಅಂತ ನಿಮಗೆ ಗೊತ್ತಿಲ್ಲ.’

ಅವನ ಮಗಳ ಮಾವ ಬಡಗಿ. ಊರಂಚಿನಲ್ಲಿ ಅವನ ತಗಡಿನ ಶೆಡ್ಡು. ನಾವು ಹೋದಾಗ ಗಾಳಿ ಎದ್ದಿತ್ತು. ಮೊದಲು ಕಂಡದ್ದೇ ಟೈರುಗಳು: ಶೆಡ್ಡಿನ ನಾಲ್ಕು ಮೂಲೆಗೆ ನಾಲ್ಕು, ತಗಡು ಹಾರದ ಹಾಗೆ ಕೂತಿದ್ದವು. ಬಿಸಿಲಲ್ಲಿ. ಆರು ವಾರ ಬಿಸಿಲಲ್ಲಿ.

ಬೀಗ ಉಳಿ ಕೆಳಗಿಡದೆ ಎಲ್ಲ ಕೇಳಿಸಿಕೊಂಡ. ‘ಕೊಟ್ಟ ಕೈಯೇ ಕಿತ್ಕೊಳ್ಳೋದನ್ನ ಇವತ್ತೇ ನೋಡಿದ್ದು.’

‘ಎರಡು ದಿನಕ್ಕೆ ಅಷ್ಟೇ ಬೀಗರೇ.’

‘ಎರಡು ದಿನ ಅಂತ ನಿಮ್ಮ ಮಗಳನ್ನೂ ಕರ್ಕೊಂಡು ಹೋಗಿದ್ರಿ. ಹದಿನೈದು ದಿನ ಆಯ್ತು. ಅನ್ನ ಮಾಡಿ ಮಾಡಿ ನನ್ನ ಮಗನ ಕೈ ಸುಟ್ಟು ಕರಿಕಲಾಗಿದೆ.’

‘ಕಳಿಸ್ತೀನಿ. ನಾಳೆನೇ ಕಳಿಸ್ತೀನಿ.’

‘ಟೈರು ಕೊಟ್ರೆ ಸೊಸೆ ವಾಪಸ್ ಬರ್ತಾಳೆ ಅಂತಾಯ್ತು,’ ಎಂದು ಬೀಗ ನನ್ನ ಕಡೆ ತಿರುಗಿದ. ‘ನೀವು ಸಾಕ್ಷಿ. ಅಷ್ಟಕ್ಕೂ ಈ ಬೋಳು ಟೈರಲ್ಲಿ ಏನಿದೆ ಅಂತ ಇಷ್ಟು ಪರದಾಟ?’

‘ಸದ್ದಿದೆ,’ ಅಂದೆ. ಅವನು ನಗಲು ಬಾಯಿ ತೆರೆದು, ನನ್ನ ಮುಖ ನೋಡಿ ಮುಚ್ಚಿದ.

ಏಣಿ ಹತ್ತಿದವಳು ನಾನು. ಡ್ರೈವರಣ್ಣನ ಮಂಡಿ ಸರಿಯಿಲ್ಲ. ಒಂದೊಂದು ಟೈರು ಎತ್ತಿದಾಗಲೂ ತಗಡು ಏದುಸಿರು ಬಿಟ್ಟು ಮೇಲೇಳುತ್ತಿತ್ತು. ಬೀಗ ಕೆಳಗಿನಿಂದ ಮರದ ದಿಮ್ಮಿಗಳನ್ನು ಕೊಡುತ್ತ, ‘ಅಲ್ಲಲ್ಲ, ಎಡಕ್ಕೆ, ನಿಮ್ಮೆಡಕ್ಕಲ್ಲ, ನನ್ನೆಡಕ್ಕೆ!’ ಎಂದು ಕೂಗುತ್ತಿದ್ದ. ಮೇಲೆ ನಿಂತೇ ಮಾಪಕ ತೆಗೆದೆ. ಆಗ ನಾನು ಬೇಡಿಕೊಂಡದ್ದನ್ನು ಇಲ್ಲಿ ಹೇಳಬೇಕು. ಎಂಬತ್ತು ಬರಲಿ ಎಂದು ಬೇಡಿಕೊಂಡೆ. ಬಿಸಿಲಿಗೆ ರಬ್ಬರು ಕಲ್ಲಾಗಿ ಎಂಬತ್ತು ಮುಟ್ಟಿದ್ದರೆ, ಇವು ಆ ಟೈರುಗಳಲ್ಲ, ಇವುಗಳಿಂದ ಏನೂ ತಿಳಿಯುವ ಹಾಗಿಲ್ಲ ಎಂದು ನಾನು ಕೆಳಗಿಳಿದು ಮನೆಗೆ ಹೋಗಬಹುದಿತ್ತು. ಆಮೇಲೆ ನಾಲ್ಕು ಪಾಯಿಂಟ್ ಒಂದನ್ನು ಸುಳ್ಳು ಅನ್ನಲು ಯಾರಿಗೂ ಆಧಾರವಿರುತ್ತಿರಲಿಲ್ಲ. ಒತ್ತಿದೆ. ಎಪ್ಪತ್ತೈದು. ಇನ್ನೊಂದು. ಎಪ್ಪತ್ತೈದು. ಮೂರನೆಯದು ಎಪ್ಪತ್ನಾಲ್ಕೂವರೆ. ನಾಲ್ಕನೆಯದನ್ನು ಆರು ಕಡೆ ಒತ್ತಿ ನೋಡಿದೆ.

‘ಏನಂತೆ?’ ಎಂದ ಡ್ರೈವರಣ್ಣ.

‘ಅವೇ,’ ಅಂದೆ.

ಗ್ಯಾರೇಜಿನಲ್ಲಿ ಟೈರು ಹಾಕಿಸುವಾಗ ಎರಡು ಗಂಟೆ ದಾಟಿತ್ತು. ರಸ್ತೆಗೆ ಬರುವಾಗ ಮೂರೂವರೆ. ಅಕ್ಕನ ಮನೆಯ ಎದುರು ಬಯಲು. ಮೈಕು ನಿಲ್ಲಿಸುವುದು ಆ ಬದಿಗೆ. ಮೈಕಿನ ತಲೆಗೆ ಸ್ಪಂಜಿನ ಉಂಡೆ ಹಾಕಿದೆ. ಪಕ್ಕದಲ್ಲಿ ಗಾಳಿ ಅಳೆಯುವ ಪುಟ್ಟ ಬಟ್ಟಲುಗಳು ಗಿರಗಿರ ತಿರುಗುತ್ತಿದ್ದವು. ಸೆಕೆಂಡಿಗೆ ಐದು ಮೀಟರ್ ದಾಟಿದರೆ ಅಳೆಯುವ ಹಾಗಿಲ್ಲ. ಆರು. ಏಳು. ಐದೂವರೆ. ಗಾಳಿ ನಿಲ್ಲದಿರಲಿ ಎಂದೂ ಬೇಡಿಕೊಂಡೆನೋ ಏನೋ, ಆಗಿನ ನನ್ನ ಬೇಡಿಕೆಗಳ ಲೆಕ್ಕ ನನ್ನಲ್ಲೇ ಇಲ್ಲ. ನಾಲ್ಕೂಕಾಲಿಗೆ ಗಾಳಿ ತಗ್ಗಿತು. ಕೈ ಎತ್ತಿದೆ. ದೂರದಲ್ಲಿ ಕಾರು ಹೊರಟಿತು.

ಮೊದಲ ಸಲ ಉರುಳಿ ಹೋದಾಗಲೇ ಕಿವಿಗೆ ಗೊತ್ತಾಯಿತು. ಗೊತ್ತಾಗಬಾರದು, ಕಿವಿಯನ್ನು ನಂಬಬಾರದು, ಅದಕ್ಕೇ ಮೈಕಿರುವುದು. ಆದರೂ ಆ ಸದ್ದಿನಲ್ಲಿ ಒಂದು ಗರಗರ ಇತ್ತು, ಗಂಟಲು ಕಟ್ಟಿದವರು ಹೆಸರು ಹಿಡಿದು ಕರೆದ ಹಾಗೆ.

ಐದನೆಯ ಸಲಕ್ಕೆ ಅಕ್ಕ ರಸ್ತೆ ದಾಟಿ ಬಂದಳು, ಎರಡು ಲೋಟ ಚಹಾ ಹಿಡಿದುಕೊಂಡು, ಎದೆಯ ಮೇಲೆ ಸೂಜಿಗಳನ್ನು ಚುಚ್ಚಿಕೊಂಡೇ.

‘ಏ ಕಿವಿ, ಪಾಸಾದ ಪರೀಕ್ಷೆನ ಯಾರಾದ್ರೂ ಮತ್ತೆ ಬರೀತಾರೇನೇ?’

‘ಟೈರು ತಪ್ಪಾಗಿತ್ತು ಅಕ್ಕ.’ ಹೇಳಿದೆ, ಎಲ್ಲವನ್ನೂ, ಪುಟ, ಸಹಿ, ಬೀಗ. ಅವಳು ಕೇಳುತ್ತ ಕೇಳುತ್ತ ನನಗೆ ತಂದ ಚಹಾವನ್ನು ತಾನೇ ಕುಡಿದಳು.

‘ಟೈರು ಯಾವುದಾದ್ರೆ ನನಗೇನು? ಮೊದಲು ಲಾರಿ ಹೋದ್ರೆ ಅಡುಗೆಮನೆ ಲೋಟ ಗಿಲಗಿಲ ಅಂತಿದ್ವು, ಈಗ ಅನ್ನಲ್ಲ. ನಿನ್ನ ಮೆಷೀನನ್ನ ಕೇಳ್ತೀಯಲ್ಲ, ನನ್ನ ಕೇಳು.’

‘ಕಡಿಮೆ ಆಗಿದೆ ಅಕ್ಕ. ಮೂರು ಆಗಿದೆಯಾ ಅನ್ನೋದಷ್ಟೇ.’

‘ನೋಡದೇ ಇದ್ರೆ?’

ನಾನು ಮೈಕಿನ ವೈರು ಸರಿಮಾಡಿದೆ. ಅದು ಸರಿಯಾಗಿಯೇ ಇತ್ತು.

‘ಯಾರಿಗೆ ಗೊತ್ತಾಗುತ್ತೆ?’ ಅವಳು ದನಿ ತಗ್ಗಿಸಿದಳು.

‘ಪುಸ್ತಕದಲ್ಲಿದೆ.’

‘ಆ ಪುಸ್ತಕ ಯಾರೇ ಓದ್ತಾರೆ? ನೀನೇ ಓದಿಲ್ಲ!’

ಕಾರು ದೂರದಲ್ಲಿ ತಿರುಗಿ ನಿಂತಿತ್ತು, ನನ್ನ ಕೈ ಮೇಲೇಳಲೆಂದು ಕಾಯುತ್ತ. ‘ಅಕ್ಕ, ಈಗ ಸುಮ್ಮನಿರು,’ ಅಂದೆ. ‘ಅಳೀಬೇಕು.’

ಅವಳು ಸುಮ್ಮನಾದಳು. ಲೋಟಗಳನ್ನು ಒಂದರೊಳಗೊಂದು ಸದ್ದಾಗದ ಹಾಗೆ ಇಟ್ಟು, ರಸ್ತೆ ದಾಟಿ ಹೋದಳು. ಆಮೇಲೆ ಎಷ್ಟೋ ದಿನ ಅವಳು ನನ್ನೊಡನೆ ಮಾತಾಡಲಿಲ್ಲ.

ಹತ್ತು ಸಲದ್ದು ಕೂಡಿಸಿ ಸರಾಸರಿ ತೆಗೆದೆ. ಎಪ್ಪತ್ತು. ಸರಿಯಾಗಿ ಎಪ್ಪತ್ತು ಪಾಯಿಂಟ್ ಸೊನ್ನೆ. ರಸ್ತೆ ಇಳಿಸಿದ್ದು ಎರಡು ಪಾಯಿಂಟ್ ಮೂರು. ಉಳಿದದ್ದು ಡ್ರೈವರಣ್ಣನ ಬೆಣ್ಣೆ.

ಸಭೆಯ ಕೋಣೆಯಲ್ಲಿ ಒಂಬತ್ತು ಜನ, ಒಂಬತ್ತು ನೀರಿನ ಬಾಟಲಿ. ಹಳೆಯ ವರದಿ ಎಲ್ಲರ ಮುಂದೆ ಆಗಲೇ ಇತ್ತು. ನಾನು ಎದ್ದು ನಿಂತು ಹೇಳಿದಾಗ ನನ್ನ ದನಿ ನನಗೇ ಪಕ್ಕದ ಕೋಣೆಯಿಂದ ಕೇಳಿದ ಹಾಗಿತ್ತು. ಮುಖ್ಯ ಎಂಜಿನಿಯರ್ ಕನ್ನಡಕ ತೆಗೆದರು.

‘ನಾಲ್ಕು ಪಾಯಿಂಟ್ ಒಂದು ಅಂತ ನಾನು ಪೇಪರಿನೋರಿಗೂ ಹೇಳಿಯಾಯ್ತಲ್ಲಮ್ಮ.’

‘ತಪ್ಪು ಸರ್ ಅದು.’

‘ನಾನು ಹೇಳಿದ್ದಾ?’

‘ನಾನು ಕೊಟ್ಟಿದ್ದು.’

ಮೇಜಿನ ಕೊನೆಯಲ್ಲಿದ್ದವರೊಬ್ಬರು ಕೇಳಿದರು: ‘ಬೇಕಾಗಿರೋದು ಇನ್ನು ಸೊನ್ನೆ ಪಾಯಿಂಟ್ ಏಳು ತಾನೆ? ಒಂದು ಸೊಳ್ಳೆ ಸದ್ದು. ಸ್ವಲ್ಪ ಆಕಡೆ ಈಕಡೆ ಮಾಡೋಕಾಗಲ್ವಾ?’ ಯಾರೋ ನಕ್ಕರು. ನಾನು ಆಗುವುದಿಲ್ಲ ಅಂದೆ. ಅಷ್ಟು ಹೊತ್ತಿಗೆ ನನ್ನ ಅಂಗೈ ಬೆವರಿಗೆ ಹೊಸ ವರದಿಯ ಮೊದಲ ಹಾಳೆ ಒದ್ದೆಯಾಗಿ, ಅಂಕಿಯ ಮೇಲೆ ಹೆಬ್ಬೆರಳು ಮೂಡಿತ್ತು. ಗೋಡೆ ಎಂದು ತೀರ್ಮಾನವಾಗಲು ಇಪ್ಪತ್ತು ನಿಮಿಷ ಸಾಕಾಯಿತು. ನನಗೆ ಎಚ್ಚರಿಕೆ ಪತ್ರ ಬಂತು. ಡ್ರೈವರಣ್ಣ ಬರೆದಿಟ್ಟಿದ್ದನಾದ್ದರಿಂದ ಅವನಿಗೆ ಏನೂ ಬರಲಿಲ್ಲ.

ಅಕ್ಕನಿಗೆ ಫೋನು ಮಾಡಿದರೆ ಎತ್ತುತ್ತಿದ್ದವನು ಭಾವ. ‘ಹೇಗಿದಾಳೆ?’ ಎಂದು ಕೇಳಿದರೆ, ‘ಊಟ ಮಾಡ್ತಾಳೆ, ಕೆಲಸ ಮಾಡ್ತಾಳೆ. ನಿನ್ನ ಬೈಯೋದು ನಿಲ್ಲಿಸಿಬಿಟ್ಟಿದಾಳೆ, ನನಗೆ ಅದೇ ಭಯ,’ ಅನ್ನುತ್ತಿದ್ದ. ನನಗೂ ಅದೇ ಭಯ. ಬೈದಿದ್ದರೆ ಬಯ್ಗುಳ ಎಲ್ಲಿ ಮುಗಿಯುತ್ತದೆ ಎಂದಾದರೂ ತಿಳಿಯುತ್ತಿತ್ತು. ದಿನ ಎಣಿಸಿದೆ. ಹತ್ತು. ಹದಿನಾಲ್ಕು.

ಹತ್ತೊಂಬತ್ತನೆಯ ದಿನ ನಾನು ಅವಳ ಮನೆಗೆ ಹೋಗಲೇಬೇಕಾಯಿತು, ಕೆಲಸದ ಮೇಲೆ. ಗೋಡೆ ಎಷ್ಟು ಸದ್ದು ತಡೆಯುತ್ತದೆ ಎಂದು ಆಮೇಲೆ ತೋರಿಸಬೇಕಲ್ಲ; ಹಾಗಾಗಿ ಅಡಿಪಾಯ ತೋಡುವ ಮುಂಚೆ ನೆಲಮಹಡಿಯ ಪ್ರತಿ ಕೋಣೆಯಲ್ಲೂ, ಕಿಟಕಿ ತೆರೆದು, ಹತ್ತು ನಿಮಿಷದ ಅಳತೆಯಾಗಬೇಕು. ಕೋಣೆಯಲ್ಲಿ ಆ ಹತ್ತು ನಿಮಿಷ ಯಾರೂ ಮಾತಾಡಬಾರದು. ಸಂಜೆ ಐದರ ಒಳಗೆ ಮುಗಿಯಬೇಕು. ಆ ಸಾಲಿನ ಉಳಿದ ಮನೆಗಳೆಲ್ಲ ಆಗಿದ್ದವು. ಇದೊಂದನ್ನು ನಾನೇ ಕೊನೆಗೆ ಇಟ್ಟುಕೊಂಡಿದ್ದೆ.

ಬಾಗಿಲು ತೆರೆದು ಅವಳು ನನ್ನ ಮೈಕಿನ ಪೆಟ್ಟಿಗೆಗೆ ದಾರಿ ಬಿಟ್ಟಳು, ನನಗಲ್ಲ. ಕಿಟಕಿಯ ಬಳಿ ಮಣೆಯ ಮೇಲೆ ಕೂತು, ಬೂದು ಬಣ್ಣದ ಕೋಟಿನ ತೋಳನ್ನು ಮೊಣಕಾಲಿಗೆ ಎಳೆದುಕೊಂಡು ಸೂಜಿ ಆಡಿಸತೊಡಗಿದಳು. ಮೈಕು ನಿಲ್ಲಿಸಿದೆ. ಗುಂಡಿ ಒತ್ತಿದೆ. ನಲವತ್ತೊಂಬತ್ತು, ಐವತ್ತು, ಐವತ್ತೆರಡು. ಇಷ್ಟು ಅನುಕೂಲದ ಮನೆ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಮಾತಾಡಬೇಡಿ ಎಂದು ಹೇಳುವ ಅಗತ್ಯವೇ ಇಲ್ಲ. ಎಂಟು ನಿಮಿಷ ಹತ್ತು ಸೆಕೆಂಡು.

‘ಗೋಡೆ ಯಾವತ್ತು ಶುರು?’

ಅಂಕಿ ಅರವತ್ತಾರಕ್ಕೆ ಹಾರಿತು. ನಾನು ನಿಲ್ಲಿಸಿದೆ. ಹಾಳೆಯ ಮೇಲೆ ಬರೆದೆ: ಮಾತು, ಅಮಾನ್ಯ.

‘ಅಕ್ಕ, ಹತ್ತು ನಿಮಿಷ ಮಾತಾಡಬಾರದು.’

‘ಹತ್ತೊಂಬತ್ತು ದಿನ ಆಡಿಲ್ವಲ್ಲ, ಸಾಲದಾ?’

ಅವಳೂ ಎಣಿಸಿದ್ದಳು. ನಾನು ಮತ್ತೆ ಗುಂಡಿ ಒತ್ತಿದೆ. ಅವಳ ಸೂಜಿ ಒಳಗೆ ಹೋಗಿ ಹೊರಗೆ ಬರುವುದನ್ನೇ ನೋಡುತ್ತ ಕೂತೆ. ಏಳು ನಿಮಿಷ ನಲವತ್ತು.

‘ಈ ಅಳತೆ ಆಗದೆ ಗೋಡೆ ಶುರು ಮಾಡೋ ಹಾಗಿಲ್ವಂತೆ? ಡ್ರೈವರಣ್ಣ ಅಂದ್ರು.’

ಕಿಟಕಿಯಾಚೆ ನೋಡಿದೆ. ರಸ್ತೆಯ ಆ ಬದಿಯಲ್ಲಿ ಡ್ರೈವರಣ್ಣ ಗಾಜು ಒರೆಸುತ್ತಿದ್ದ, ಆಗಲೇ ಒರೆಸಿದ್ದ ಗಾಜನ್ನು.

‘ಹೌದು,’ ಅಂದೆ. ಹಾಗೆ ಅಂದಾಗ ಮೈಕು ಇನ್ನೂ ನಡೆಯುತ್ತಿತ್ತು. ನನ್ನ ದನಿಯೂ ಸೇರಿತು. ಅಮಾನ್ಯ. ಎಷ್ಟು ಸಲ ಅಮಾನ್ಯವಾಗಬಹುದು ಎಂದು ನಿಯಮದಲ್ಲಿ ಬರೆದಿಲ್ಲ. ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ಮೂರನೆಯದಕ್ಕೆ ಅವಳು ಎರಡು ನಿಮಿಷವೂ ಕಾಯಲಿಲ್ಲ. ‘ಒಂದು ಮಾತು, ಒಂದೇ ಒಂದು ಮಾತು ಮೊದಲು ನನ್ನ ಹತ್ರ ಹೇಳಿ ಆಮೇಲೆ ಏಣಿ ಹತ್ತಬಾರದಿತ್ತೇನೇ? ಬೀಗನ ಮನೆ ತಗಡು ಕಂಡಿತು, ನನ್ನ ಕಿಟಕಿ ಕಾಣಲಿಲ್ಲ!’ ಎಂದು ಶುರುಮಾಡಿದಳು. ನಾನು ಸುಮ್ಮನಿರಲು ಹೋದೆ, ಆಗಲಿಲ್ಲ. ‘ಹೇಳಿದ್ರೆ ನೀನು ಬೇಡ ಅಂತಿದ್ದೆ, ನಾನು ಕೇಳ್ತಿದ್ದೆ, ಅದಕ್ಕೇ ಹೇಳಲಿಲ್ಲ!’ ಎಂದು ಕೂಗಿದೆ. ‘ಕೇಳ್ತಿದ್ಯಾ? ನೀನು ಯಾವತ್ತು ಯಾರ ಮಾತು ಕೇಳಿದೀಯ?’ ‘ಕೇಳ್ತಿದ್ದೆ ಅಕ್ಕ! ಅವತ್ತು ಯಾರು ಬೇಡ ಅಂದಿದ್ರೂ ಕೇಳ್ತಿದ್ದೆ!’ ಎಪ್ಪತ್ತೊಂದು, ಎಪ್ಪತ್ನಾಲ್ಕು, ಎಪ್ಪತ್ತೆಂಟು. ಇಂಥ ಅಂಕಿ ಆ ಸಾಲಿನ ಕೋಣೆಗಳಲ್ಲಿ ಯಾವ ಲಾರಿಯೂ ಕೊಟ್ಟಿರಲಿಲ್ಲ.

ಗಡಿಯಾರ ಐದು ದಾಟಿತು. ಮೈಕು ಬಿಚ್ಚಿದೆ.

‘ನಾಳೆ ಬರ್ತೀನಿ.’

‘ಬಾ. ನಾಳೆನೂ ಮಾತಾಡ್ತೀನಿ.’

‘ಆಡು.’

‘ನಾಡಿದ್ದೂ.’

ಎಷ್ಟು ದಿನ ಹೀಗೆ ನಡೆಯುತ್ತದೆ, ಎಷ್ಟನೆಯ ಅಮಾನ್ಯಕ್ಕೆ ಮುಖ್ಯ ಎಂಜಿನಿಯರ್ ನನ್ನನ್ನು ಕರೆಯುತ್ತಾರೆ, ಬೇರೆ ಊರಿನಿಂದ ಬೇರೆ ಕಿವಿಯನ್ನು ಎಂದು ತರಿಸುತ್ತಾರೆ ಎಂದು ಲೆಕ್ಕ ಹಾಕುತ್ತ ಮೈಕಿನ ಸ್ಟ್ಯಾಂಡು ಮಡಚಲು ಹೋದೆ. ಒಂದು ಕಾಲು ಸಿಕ್ಕಿಕೊಂಡು ಒಳಗೆ ಹೋಗಲೇ ಇಲ್ಲ. ಅಕ್ಕ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡು ಎದ್ದು ಬಂದು, ಅದರ ಇನ್ನೊಂದು ತುದಿಯನ್ನು ಹಿಡಿದುಕೊಂಡಳು. ತುಟಿಯಲ್ಲಿ ಸೂಜಿ ಇದ್ದರೂ ಬೈಯುವುದನ್ನು ನಿಲ್ಲಿಸಿರಲಿಲ್ಲ.